ಕೀಮೋ ಮುಗೀತು, ಕಾಲಿನ ಜೋಮು ಮುಗೀಲಿಲ್ಲ. ನೀವು ಯಾವ ಮಾತ್ರೆ ತಗೊಂಡ್ರಿ?

ಕೇಳ್ತಿರೋದು: ಚಿಕ್ಕಮಗಳೂರಿನಿಂದ

ಅಮ್ಮನಿಗೆ 58 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆದಮೇಲೆ ಮೂರು ವಾರಕ್ಕೊಂದರಂತೆ ಎಂಟು ಕೀಮೋ ಆಯ್ತು: ಆಕ್ಸಾಲಿಪ್ಲಾಟಿನ್ ಡ್ರಿಪ್ಪು, ಜೊತೆಗೆ ಕ್ಯಾಪೆಸಿಟಾಬಿನ್ ಮಾತ್ರೆ. ಕೊನೇದು ಮುಗಿದು ಎರಡು ತಿಂಗಳಾಯ್ತು. ಕೀಮೋ ನಡೀತಿದ್ದಾಗ ಬೆರಳ ತುದಿ ಜುಮ್ ಅಂತಿತ್ತು, ಅಷ್ಟೆ. ಎಲ್ಲ ಮುಗೀತಪ್ಪಾ ಅಂತ ಉಸಿರು ಬಿಟ್ಟ ಮೇಲೆ ಪಾದ ಪೂರ್ತಿ ಮರಗಟ್ಟಿದೆ. ಹತ್ತಿ ಹಾಸಿಗೆ ಮೇಲೆ ನಡೆದ ಹಾಗಾಗುತ್ತೆ ಅಂತಾರೆ. ಬ್ಲೌಸಿನ ಹುಕ್ಕು ನಾನೇ ಹಾಕಬೇಕು. ಮೊನ್ನೆ ಅಕ್ಕಿರೊಟ್ಟಿ ಬೇಯಿಸುವಾಗ ಕಾವಲಿ ತಾಗಿ ಬೊಬ್ಬೆ ಎದ್ದಿದ್ದು ಸಂಜೆ ಪಾತ್ರೆ ತೊಳೆಯುವಾಗ ಕಣ್ಣಿಗೆ ಬಿತ್ತು. ನೋವೇ ಆಗ್ಲಿಲ್ವಂತೆ.

ನೋಡೋಕೆ ಬಂದವರೆಲ್ಲ ಒಂದೊಂದು ಮಾತ್ರೆ ಹೇಳಿ ಹೋಗ್ತಾರೆ. ಭಾವ ಅಸಿಟೈಲ್ ಕಾರ್ನಿಟಿನ್ ಡಬ್ಬಿ ಆನ್‌ಲೈನಲ್ಲಿ ತರಿಸಿಯೇ ಬಿಟ್ಟಿದ್ದಾರೆ, ಸೀಲ್ ಒಡೆದಿಲ್ಲ. ಆಲ್ಫಾ ಲಿಪೋಯಿಕ್ ಆಸಿಡ್, ವಿಟಮಿನ್ ಇ, ಬಿ ಕಾಂಪ್ಲೆಕ್ಸ್, ಮೀನೆಣ್ಣೆ... ಇವುಗಳಲ್ಲಿ ಯಾರಿಗೆ ಯಾವುದು ಹಿಡಿಸ್ತು? ಡಾಕ್ಟ್ರ ಹತ್ರ ಹೋಗೋದು ಮುಂದಿನ ತಿಂಗಳು. ಅಲ್ಲೀವರೆಗೆ ಕಾಯೋದಾ, ಏನಾದ್ರೂ ಶುರು ಮಾಡೋದಾ? ಅಮ್ಮನ ಭಯ ಬೇರೆ: ಕಾಯಿಲೆ ವಾಪಸ್ ಬಂತೇನೋ ಅಂತ.

ಮೂಡಿಗೆರೆಯಿಂದ

ನನ್ನದು ಸ್ತನ ಕ್ಯಾನ್ಸರ್. ಬೆಂಗಳೂರಲ್ಲಿ ವಾರಕ್ಕೊಂದರಂತೆ ಹನ್ನೆರಡು ವಾರ ಪ್ಯಾಕ್ಲಿಟಾಕ್ಸೆಲ್. ಎಂಟೊಂಬತ್ತನೇ ವಾರಕ್ಕೆ ಕಾಲು ನನ್ನದಲ್ಲ ಅನ್ನೋ ಹಾಗಾಯ್ತು. ಮಳೆಗಾಲ. ಒಂದಿನ ಸುಮ್ನೆ ಕೂರಲಾರದೆ ತೋಟದ ಕಡೆ ಹೋಗಿ ಬಂದು ಜಗಲಿ ಮೇಲೆ ಕೂತಿದ್ದೆ. ನಮ್ಮನೆಯವರು "ಏನೇ ಇದು ರಕ್ತ" ಅಂದಾಗಲೇ ಕಾಲು ನೋಡ್ಕೊಂಡಿದ್ದು. ಕಿರುಬೆರಳ ಸಂದಿಯಲ್ಲಿ ಒಂದು ಇಂಬಳ ಕುಡಿದು ಉದುರಿ ಹೋಗಿತ್ತು, ಇನ್ನೊಂದು ಹಿಮ್ಮಡಿ ಹತ್ರ ಕಪ್ಪು ದ್ರಾಕ್ಷಿ ಹಾಗೆ ಊದಿಕೊಂಡು ನೇತಾಡ್ತಿತ್ತು. ಇಂಬಳ ಕಚ್ಚೋದು ಯಾರಿಗೂ ಗೊತ್ತಾಗಲ್ಲ, ನಿಜ. ಆದ್ರೆ ಅದು ಹತ್ತೋವಾಗಿನ ಆ ತಣ್ಣನೆ ಮುಟ್ಟು ನಮ್ಮ ಕಡೆಯವರಿಗೆ ನಿದ್ದೆಯಲ್ಲೂ ಗೊತ್ತಾಗುತ್ತೆ ಮಾರಾಯ್ರೆ. ನನಗೆ ಅದೂ ಇಲ್ಲ. ಬಿಳಿ ರಕ್ತಕಣ ಕಮ್ಮಿ ಇರೋ ಹೊತ್ತಲ್ಲಿ ತೋಟಕ್ಕೆ ಯಾಕೆ ಹೋದ್ರಿ ಅಂತ ಡಾಕ್ಟ್ರು ಬೈದಿದ್ದು ಬೇರೆ ಕತೆ.

ಮಾತ್ರೆ ವಿಷಯ. ಮೀಥೈಲ್‌ಕೋಬಾಲಮಿನ್ (ಅದೇ ಬಿ12 ವಿಟಮಿನ್) ಇರೋ ಕ್ಯಾಪ್ಸೂಲ್ ಬರೆದುಕೊಟ್ರು, ಆರು ತಿಂಗಳು ಬಿಡದೆ ನುಂಗಿದೆ. ಕೈ ಪೂರ್ತಿ ಸರಿಹೋಯ್ತು, ಕಾಲು ಮುಕ್ಕಾಲು ಪಾಲು. ಇಷ್ಟು ದಿನ ಎಲ್ಲರಿಗೂ "ಆ ಕ್ಯಾಪ್ಸೂಲ್ ತಗೊಳ್ಳಿ" ಅಂತ ಹೇಳ್ತಾ ಬಂದೆ. ಆದ್ರೆ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದ ಬೇಲೂರಿನ ಹೆಂಗಸಿನ ಜೊತೆ ಈಗಲೂ ಫೋನಲ್ಲಿ ಮಾತಾಡ್ತಿರ್ತೀನಿ. ಅದೇ ಔಷಧಿ, ಅಷ್ಟೇ ವಾರ. ಆಕೆ ಒಂದು ವಿಟಮಿನ್ನೂ ನುಂಗಲಿಲ್ಲ, ಕೈ ನನಗಿಂತ ಒಂದು ತಿಂಗಳು ಮೊದಲೇ ಸರಿಹೋಯ್ತು. ಇದು ತಿಳಿದ ಮೇಲೆ ಕ್ಯಾಪ್ಸೂಲಿನ ವಕಾಲತ್ತು ಬಿಟ್ಟಿದ್ದೀನಿ.

ಇನ್ನೊಂದು. ಡ್ರಿಪ್ ಹೋಗುವಾಗ ಕೈಕಾಲಿಗೆ ಐಸ್ ಇಟ್ಟುಕೊಂಡರೆ ಜೋಮು ಕಮ್ಮಿ ಅಂತ ನನಗೆ ಇಟ್ಟಿದ್ರು. ಅದು ಪ್ಯಾಕ್ಲಿಟಾಕ್ಸೆಲ್‌ನವರಿಗೆ. ನಿಮ್ಮಮ್ಮನ ಔಷಧಿಗೆ ತಣ್ಣಗಿನದ್ದೇ ಶತ್ರು, ನಾನು ಹೇಳಿದೆ ಅಂತ ಐಸ್ ಹಿಡಿಸಬೇಡಿ.

ಹಾಸನದಿಂದ, ಮೆಡಿಕಲ್ ಶಾಪಿನವನು

ಕೌಂಟರಿನ ಈಚೆ ನಿಂತು ಇಪ್ಪತ್ತು ವರ್ಷ ದಾಟಿತು. "ನರದ ಮಾತ್ರೆ ಕೊಡಿ" ಅಂತ ದಿನಕ್ಕೆ ಹತ್ತು ಜನ ಕೇಳ್ತಾರೆ. ಅಕ್ಕ, ಒಂದು ಕೆಲಸ ಮಾಡಿ. ಅಮ್ಮ ಈಗ ನುಂಗ್ತಿರೋ ಎಲ್ಲಾ ಸ್ಟ್ರಿಪ್ಪನ್ನೂ ತಂದು ಬೆಳಕಲ್ಲಿ ತಿರುಗಿಸಿ ಹಿಡೀರಿ. ಮುಂದೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿರುತ್ತೆ, ಒಳಗೇನಿದೆ ಅನ್ನೋದು ಹಿಂದುಗಡೆ ಇರುವೆ ಸಾಲಿನ ಹಾಗೆ. ಅದರಲ್ಲಿ ಪಿರಿಡಾಕ್ಸಿನ್ ಅಂತ ಹುಡುಕಿ. ಅದೇ ಬಿ6.

ಬಿ6 ನರಕ್ಕೆ ಬೇಕು, ಆದ್ರೆ ಹೆಚ್ಚಾದ್ರೆ ಅದೇ ನರ ಕೆಡಿಸುತ್ತೆ. ಬರೋ ಲಕ್ಷಣವೂ ಇದೇ: ಪಾದ ಜೋಮು, ನಡೆದರೆ ತೂರಾಟ. ದಿನಕ್ಕೆ ಗ್ರಾಂ ಲೆಕ್ಕದಲ್ಲಿ ತಗೊಂಡವರಿಗೆ ಹೀಗಾಗಿದ್ದು 1983ರಲ್ಲೇ ವರದಿಯಾಗಿದೆ. ಈಗ ಅದಕ್ಕಿಂತ ತುಂಬಾ ಕಮ್ಮಿಗೂ ಹುಷಾರು ಅಂತಾರೆ. ಯುರೋಪಿನವರು 2023ರಲ್ಲಿ ದೊಡ್ಡವರಿಗೆ ದಿನಕ್ಕೆ 12 ಮಿ.ಗ್ರಾಂ ಮೇಲ್ಮಿತಿ ಅಂತ ಇಟ್ಟರು. ಜಂಟಿ ಮಾತ್ರೆಗಳಲ್ಲಿ ಹೆಚ್ಚಾಗಿ 3 ಮಿ.ಗ್ರಾಂ ಇರುತ್ತೆ, ತೊಂದರೆ ಇಲ್ಲ. ಬರೀ ಬಿ6 ಮಾತ್ರೆ 100 ಮಿ.ಗ್ರಾಂದೂ ಬರುತ್ತೆ. ಕ್ಯಾಪೆಸಿಟಾಬಿನ್ ತಗೊಳ್ಳೋರಿಗೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುತ್ತಲ್ಲ, ಅದಕ್ಕೆ ಅಂತ ಕೆಲವು ಡಾಕ್ಟ್ರು ಬಿ6 ಬರೀತಾರೆ. ಕೀಮೋ ನಿಂತರೂ ಆ ಚೀಟಿ ನಿಲ್ಲಲ್ಲ. ಅದನ್ನೇ ತೋರಿಸಿ ತಿಂಗಳು ತಿಂಗಳು ತಗೊಂಡು ಹೋಗ್ತಾರೆ, ನಮ್ಮಂಥವರು ಕೊಡ್ತಾನೂ ಇರ್ತೀವಿ. ತಪ್ಪು ನಮ್ಮದೂ ಇದೆ.

ಇನ್ನೆರಡು. ಕ್ಯಾಪೆಸಿಟಾಬಿನ್ ಇನ್ನೂ ನಡೀತಿರೋರು ಫೋಲಿಕ್ ಆಸಿಡ್ ಇರೋ ನರದ ಮಾತ್ರೆ ಡಾಕ್ಟ್ರನ್ನ ಕೇಳದೆ ತಗೋಬೇಡಿ, ಕೀಮೋದ ಅಡ್ಡ ಪರಿಣಾಮ ಜಾಸ್ತಿಯಾಗುತ್ತೆ. ಮತ್ತೆ ಮೀಥೈಲ್‌ಕೋಬಾಲಮಿನ್ ಜೊತೆ ಪ್ರೆಗಾಬಾಲಿನ್ ಸೇರಿರೋ ಕ್ಯಾಪ್ಸೂಲ್ ಬರೀ ವಿಟಮಿನ್ ಅಲ್ಲ, ಪ್ರೆಗಾಬಾಲಿನ್ ನರನೋವಿನ ಔಷಧಿ. ತಲೆ ಸುತ್ತುತ್ತೆ, ಮಂಪರು ಬರುತ್ತೆ. ಕಾಲಲ್ಲಿ ಸ್ವಾಧೀನ ಇಲ್ಲದವರು ರಾತ್ರಿ ಎದ್ದು ಬಿದ್ದರೆ ಸೊಂಟಕ್ಕೇ ಬರುತ್ತೆ.

ಅರಸೀಕೆರೆಯಿಂದ

ಬಿ12 ರಕ್ತ ಪರೀಕ್ಷೆ ಮಾಡಿಸಿದ್ದೀರಾ? ನಮ್ಮ ತಂದೆಗೂ ಆಕ್ಸಾಲಿಪ್ಲಾಟಿನ್ನೇ. ಶುದ್ಧ ಸಸ್ಯಾಹಾರಿ, ಮೇಲೆ ಸಕ್ಕರೆ ಕಾಯಿಲೆಗೆ ಹನ್ನೊಂದು ವರ್ಷದಿಂದ ಮೆಟ್‌ಫಾರ್ಮಿನ್. ಆ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯುತ್ತೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಕೀಮೋದ ಜೋಮು, ಇರುತ್ತೆ ಅಂತ ನಾಲ್ಕು ತಿಂಗಳು ಸುಮ್ನಿದ್ವಿ. ಆಮೇಲೆ ನೋಡಿಸಿದರೆ 140. ಇನ್ನೂರರ ಮೇಲಿರಬೇಕಿತ್ತು. ಇಂಜೆಕ್ಷನ್ ಕೊಟ್ರು. ಎರಡು ತಿಂಗಳಿಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗೋ ಹಾಗಾದ್ರು, ಮಂಕು ಹೋಯ್ತು. ಅಂಗಾಲಿನ ಉರಿ ಮಾತ್ರ ಒಂಚೂರೂ ಕದಲಲಿಲ್ಲ. ಕೊರತೆ ಇದ್ದದ್ದು ತುಂಬಿತು, ಕೀಮೋ ಕೆಡಿಸಿದ್ದು ಹಾಗೇ ಉಳೀತು.

ಮಾತ್ರೆ ಶುರು ಮಾಡೋ ಮೊದಲೇ ರಕ್ತ ಕೊಡಿ. ಶುರು ಮಾಡಿದ ಮೇಲೆ ಕೊಟ್ಟರೆ ಬಿ12 ಚೆನ್ನಾಗಿರೋ ಹಾಗೆ ಕಾಣುತ್ತೆ, ಮೊದಲೇನಿತ್ತು ಅಂತ ಗೊತ್ತೇ ಆಗಲ್ಲ.

ಹಾಸನದಿಂದ, ನಿವೃತ್ತ ಉಪನ್ಯಾಸಕ

ಮೊದಲು ನಿಮ್ಮ ತಾಯಿಯವರ ಭಯಕ್ಕೆ ಉತ್ತರ. ಆಕ್ಸಾಲಿಪ್ಲಾಟಿನ್, ಸಿಸ್‌ಪ್ಲಾಟಿನ್ ಥರದ ಪ್ಲಾಟಿನಂ ಔಷಧಗಳು ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳಲ್ಲಿ ಸೇರಿಕೊಂಡುಬಿಡುತ್ತವೆ. ಡ್ರಿಪ್ ನಿಂತರೂ ಅಲ್ಲಿನ ಹಾನಿ ತಕ್ಷಣ ನಿಲ್ಲುವುದಿಲ್ಲ. ಎರಡು ಮೂರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು, ಜೋಮು ಏರುತ್ತಾ ಹೋಗಿ ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಆ ಗಂಟಿನಿಂದ ಕಾಲ್ಬೆರಳಿನ ತನಕ ನರದ ಎಳೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ; ಉದ್ದದ ಎಳೆಗೆ ಪೆಟ್ಟು ಮೊದಲು. ಅದಕ್ಕೇ ಪಾದ. ಜೋಮು ಹೆಚ್ಚಾದ ಮಾತ್ರಕ್ಕೆ ಕ್ಯಾನ್ಸರ್ ಮರಳಿತು ಎಂದಲ್ಲ. ಒಂದೇ ಕಾಲು ಸೋತರೆ, ಬೆನ್ನು ನೋವು ಜೋರಾದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಮುಂದಿನ ತಿಂಗಳಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಎರಡನೆಯದು, ಆ ಡಬ್ಬಿಯ ಸೀಲ್ ಒಡೆಯಬೇಡಿ. ಅಸಿಟೈಲ್ ಕಾರ್ನಿಟಿನ್ ಬಗ್ಗೆ 2013ರಲ್ಲಿ ಅಮೆರಿಕದಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಸ್ತನ ಕ್ಯಾನ್ಸರಿನ 409 ಮಹಿಳೆಯರು, ಅರ್ಧದಷ್ಟು ಜನರಿಗೆ ದಿನಕ್ಕೆ 3 ಗ್ರಾಂ, ಉಳಿದವರಿಗೆ ಹುಸಿಮಾತ್ರೆ. ಇಪ್ಪತ್ತನಾಲ್ಕು ವಾರ ಕಳೆದಾಗ ನಿಜವಾದ ಮಾತ್ರೆ ನುಂಗಿದವರ ನರವೇ ಹೆಚ್ಚು ಕೆಟ್ಟಿತ್ತು. ನರ ಉಳಿಸಲೆಂದು ಕೊಟ್ಟದ್ದು! ಅದು ಬೇರೆ ಕೀಮೋ ಜೊತೆ, ತಡೆಯಲೆಂದು ಕೊಟ್ಟದ್ದು, ನಿಜ. ಆದರೂ ಅಂಥದ್ದನ್ನು ಯಾವ ಧೈರ್ಯದ ಮೇಲೆ ತಾಯಿಗೆ ಕೊಡುತ್ತೀರಿ? ಆಲ್ಫಾ ಲಿಪೋಯಿಕ್ ಪರೀಕ್ಷೆ 2014ರದ್ದು, ಪ್ಲಾಟಿನಂ ಔಷಧದವರ ಮೇಲೆ. ವ್ಯತ್ಯಾಸ ಕಾಣಲಿಲ್ಲ, ಸೇರಿದವರಲ್ಲಿ ಮೂರನೇ ಒಂದು ಭಾಗದಷ್ಟು ಜನವೂ ಕೊನೆತನಕ ಮಾತ್ರೆ ಮುಗಿಸಲಿಲ್ಲ. ವಿಟಮಿನ್ ಇ ಕೂಡ ತಡೆಯಲಿಲ್ಲ. ಮೀನೆಣ್ಣೆಯದ್ದು ಚಿಕ್ಕ ಪರೀಕ್ಷೆಗಳು, ಸ್ವಲ್ಪ ಆಸೆ ಹುಟ್ಟಿಸುವಷ್ಟು, ನಂಬುವಷ್ಟಲ್ಲ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಒಂದೇ ಒಂದು ಔಷಧದ ಹೆಸರಿದೆ, ಡುಲೋಕ್ಸೆಟಿನ್. ಅದೂ ನೋವಿಗೆ. ಜೋಮಿಗಲ್ಲ.

ಅದನ್ನು ನಾನೇ ನುಂಗಿದವನು. ನನ್ನದು ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್), ಅದಕ್ಕೆ ಬಾರ್ಟೆಜೊಮಿಬ್ ಇಂಜೆಕ್ಷನ್, ರಾತ್ರಿ ಹೊದಿಕೆ ತಾಗಿದರೂ ಕೆಂಡ. ಮೊದಲ ವಾರ 30, ಆಮೇಲೆ 60 ಮಿ.ಗ್ರಾಂ. ಮೊದಲ ಐದು ದಿನ ಊಟ ಕಂಡರೆ ವಾಕರಿಕೆ. ಮೂರನೇ ವಾರ ನಿದ್ದೆ ಬಂತು. ಥಟ್ಟನೆ ನಿಲ್ಲಿಸಬಾರದು, ಮೆಲ್ಲಗೆ ಇಳಿಸಬೇಕು. ನನ್ನ ಹಾಗೆ ಬಾರ್ಟೆಜೊಮಿಬ್ ತೆಗೆದುಕೊಳ್ಳುವವರಿಗೊಂದು ಮಾತು: ಗ್ರೀನ್ ಟೀ ಸಾರದ ಮಾತ್ರೆ, ವಿಟಮಿನ್ ಸಿ ದೊಡ್ಡ ಡೋಸ್ ಬೇಡ, ಔಷಧದ ಶಕ್ತಿಯನ್ನೇ ಕುಗ್ಗಿಸಬಹುದು.

ಕಡೂರಿನಿಂದ

ಎಲ್ಲರೂ ಬೇಡ ಬೇಡ ಅಂತಿದ್ದೀರಿ. ನನಗೆ ಆಲ್ಫಾ ಲಿಪೋಯಿಕ್ಕಿಂದ ಉರಿ ಇಳೀತು. ಪರೀಕ್ಷೆ ಏನಾದ್ರೂ ಹೇಳ್ಲಿ, ಕಾಲು ನಂದು. ಕೀಮೋ ಮುಗಿದ ಮೇಲೆ, ಡಾಕ್ಟ್ರಿಗೆ ತೋರಿಸಿಯೇ ತಗೊಂಡಿದ್ದು.

ಸಕಲೇಶಪುರದಿಂದ

ಮಾತ್ರೆ ಜಗಳ ನಡೀಲಿ, ಅಷ್ಟರಲ್ಲಿ ಅಮ್ಮನ ಕೈಕಾಲು ಕಾಯಿರಿ. ನಮ್ಮತ್ತೆ ಮುದ್ದೆ ಕಟ್ಟೋದ್ರಲ್ಲಿ ಎತ್ತಿದ ಕೈ. ಕೀಮೋ ಆದಮೇಲೆ ಒಂದಿನ ಕುದಿ ಕುದಿ ಹಿಟ್ಟನ್ನ ಕೈ ಒದ್ದೆ ಮಾಡ್ಕೊಳ್ದೆ ಹಾಗೇ ಉಂಡೆ ಕಟ್ತಿದ್ರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನಾನು ಕಿರುಚಿದೆ, ಅವರು "ಯಾಕೆ, ಆರಿದೆಯಲ್ಲ" ಅಂದ್ರು. ಆವತ್ತಿಂದ ಒಲೆ ಕೆಲಸ ನನ್ನದು, ಹೆಚ್ಚೋದಕ್ಕೂ ಈಳಿಗೆಮಣೆ ಬಿಡಿಸಿದೆ.

ಹಂಡೆ ನೀರನ್ನ ಮೊಣಕೈ ಅದ್ದಿ ನೋಡಬೇಕು, ಬೆರಳಲ್ಲ. ಹವಾಯಿ ಚಪ್ಪಲಿ ಬೇಡವೇ ಬೇಡ. ಕಾಲಿಂದ ಜಾರಿ ಹೋಗಿರುತ್ತೆ, ಬರಿಗಾಲಲ್ಲಿ ನಡೀತಿರ್ತಾರೆ. ಹಿಂದೆ ಪಟ್ಟಿ ಇರೋದು ಕೊಡಿಸಿ. ರಾತ್ರಿ ಮಲಗೋ ಮುಂಚೆ ಅಂಗಾಲು ನೋಡೋದು, ದಿನಾ. ನಮ್ಮತ್ತೆ ಕಾಲಲ್ಲಿ ಸೇಫ್ಟಿ ಪಿನ್ ಸಿಕ್ಕಿತ್ತು. ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದು: ಗೋಡೆ ಪಕ್ಕ ನಿಂತು ಒಂದೇ ಕಾಲ ಮೇಲೆ ಹತ್ತು ಎಣಿಸೋದು, ಹಿಮ್ಮಡಿ ಎತ್ತಿ ಇಳಿಸೋದು. ನಾವು ತಿಂದ ಮಾತ್ರೆಗಿಂತ ಅದೇ ಹೆಚ್ಚು ಕೆಲಸ ಮಾಡ್ತು ಅಂತ ನನ್ನ ಲೆಕ್ಕ.

ಮತ್ತೆ ಚಿಕ್ಕಮಗಳೂರಿನಿಂದ, ಐದು ದಿನ ಬಿಟ್ಟು

ಮೆಡಿಕಲ್ ಶಾಪಿನ ಅಣ್ಣ, ನೀವು ಹೇಳಿದ್ದು ಓದಿ ಅಮ್ಮನ ಔಷಧಿ ಡಬ್ಬ ಊಟದ ಟೇಬಲ್ ಮೇಲೆ ಸುರಿದೆ. ಮೊಬೈಲ್ ಬೆಳಕು ಬಿಟ್ಟು ಓದಿದೆ. ನರದ ಕ್ಯಾಪ್ಸೂಲಲ್ಲಿ 3 ಮಿ.ಗ್ರಾಂ, ಬಿ ಕಾಂಪ್ಲೆಕ್ಸಲ್ಲಿ ಇನ್ನೊಂದು 3. ಮೂರನೇದು ಬರೀ ಪಿರಿಡಾಕ್ಸಿನ್, 100. ಎರಡನೇ ಕೀಮೋ ಆದಾಗ ಅಂಗೈ ಸುಲೀತು ಅಂತ ಬರೆದಿದ್ದು. ಅಮ್ಮ ಅದನ್ನ "ಶಕ್ತಿ ಮಾತ್ರೆ" ಅಂದ್ಕೊಂಡು ಏಳು ತಿಂಗಳಿಂದ ಒಂದಿನಾನೂ ತಪ್ಪಿಸಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ. ಇವತ್ತಿಂದಲೇ ನಿಲ್ಲಿಸಿ ಅಂದ್ರು. ಜೋಮು ಬಹುಪಾಲು ಆಕ್ಸಾಲಿಪ್ಲಾಟಿನ್ನಿಂದಲೇ ಇರಬೇಕು, ಇದು ಎಷ್ಟು ಸೇರಿಸಿತು ಅಂತ ಬಿಡಿಸಿ ಹೇಳೋಕಾಗಲ್ಲ ಅಂದ್ರು. ಬಿ12, ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆ ಬರೆದಿದ್ದಾರೆ. ಬಿ12 ಈಗಾಗಲೇ ನುಂಗ್ತಿರೋದ್ರಿಂದ ಆ ಸಂಖ್ಯೆ ಪೂರ್ತಿ ನಂಬೋಕಾಗಲ್ಲ ಅಂತ ಅವರೇ ಹೇಳಿದ್ರು.

ಕಾರ್ನಿಟಿನ್ ಡಬ್ಬಿ ಭಾವನಿಗೆ ವಾಪಸ್ ಕೊಟ್ಟೆ. ಮುಖ ಸಣ್ಣಗಾಯ್ತು, ಪಾಪ, ಪ್ರೀತಿಯಿಂದ ತಂದಿದ್ದು. ನಿಂತ ಮೇಲೂ ಏರುತ್ತೆ ಅನ್ನೋ ಮಾತನ್ನ ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಮೂರನೇ ಸಲ ಫೋನ್ ಇಸ್ಕೊಂಡು ತಾವೇ ಓದಿದ್ರು.

ಸಕಲೇಶಪುರದ ಅಕ್ಕ, ಹಿಂದೆ ಪಟ್ಟಿ ಇರೋ ಚಪ್ಪಲಿಗೆ ಅಳತೆ ಹೇಗೆ ತಗೊಂಡ್ರಿ? ಬಿಗಿ ಆಯ್ತಾ ಅಂತ ಅಮ್ಮನ್ನ ಕೇಳಿದರೆ ಗೊತ್ತಾಗಲ್ಲ ಅಂತಾರೆ.

ಸಕಲೇಶಪುರದಿಂದ

ಸಂಜೆ ಕರ್ಕೊಂಡು ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ. ಹಾಕಿಸಿ ಅಂಗಡಿಯಲ್ಲೇ ಹತ್ತು ನಿಮಿಷ ನಡೆಸಿ, ಬಿಚ್ಚಿಸಿ, ಕೆಂಪು ಗೆರೆ ಬಿದ್ದಿದೆಯಾ ಅಂತ ನೀವೇ ನೋಡಿ. ಬಿದ್ದಿದ್ದರೆ ಆ ಜೋಡಿ ಬೇಡ.