‘ಸ್ಟಾಲ್ ಸ್ಪೀಡ್’: ನಿಂತದ್ದು ಯಾವುದು?

ಪ್ರಶ್ನೆ, ಬಳ್ಳಾರಿಯಿಂದ:

ಡ್ರ್ಯಾಗ್ ರೇಸ್ (ನೇರ ದಾರಿಯ ಚಿಕ್ಕ ಓಟ) ಕಾರಿಗೆ ಹೈ ಸ್ಟಾಲ್ ಟಾರ್ಕ್ ಕನ್ವರ್ಟರ್ ಹಾಕುವುದರ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ಆಗುತ್ತಿದೆ. ಆಟೊಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ಬದಲು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ, ಎಣ್ಣೆ ತುಂಬಿದ ಡಬ್ಬಿ ಈ ಕನ್ವರ್ಟರ್. ಓದುವವರು ಐಟಿಐ ಹುಡುಗರು. ಕರಡಿನಲ್ಲಿ ಟಾರ್ಕ್ ಕನ್ವರ್ಟರ್ ‘ತಿರುಚುಬಲ ಪರಿವರ್ತಕ’ ಆಗಿದೆ, ಸ್ಟಾಲ್ ಸ್ಪೀಡ್ ‘ಸ್ಥಗಿತ ವೇಗ’, ಸ್ಟೇಟರ್ ‘ಸ್ಥಿರಕ’, ಲೂಸ್ ಕನ್ವರ್ಟರ್ ‘ಸಡಿಲ ಪರಿವರ್ತಕ’, ಡ್ರ್ಯಾಗ್ ರೇಸ್ ‘ಎಳೆತದ ಓಟ’. ಒಂದು ವಾಕ್ಯ ಹೀಗಿದೆ: “3000 ಸ್ಥಗಿತ ವೇಗದ ಪರಿವರ್ತಕವನ್ನು ಅಳವಡಿಸಿದರೆ ವಾಹನವು 3000 ಸುತ್ತುಗಳವರೆಗೆ ಸ್ಥಗಿತಗೊಂಡಿರುತ್ತದೆ.” ಇದನ್ನು ಹೇಗೆ ಬರೆಯಬೇಕು? ಸ್ಟಾಲ್‌ಗೆ ಬಳಕೆಯಲ್ಲಿರುವ ಕನ್ನಡ ಮಾತು ಇದೆಯೇ?

ಉತ್ತರ, ತೋರಣಗಲ್ಲು ಕಡೆಯಿಂದ:

ಆ ವಾಕ್ಯದಲ್ಲಿ ಕೆಟ್ಟಿರುವುದು ಭಾಷೆಯಲ್ಲ, ಅರ್ಥ. ಅರ್ಥ ಕೆಡಿಸಿದ್ದು ‘ಸ್ಥಗಿತ’ ಎಂಬ ಪದ. ಸ್ಟಾಲ್ ಅಂದರೆ ಏನೋ ನಿಂತಿದೆ, ಅಷ್ಟು ಸರಿ. ಯಾವುದು ನಿಂತಿದೆ ಎಂಬುದನ್ನು ಅನುವಾದ ಹೇಳಲಿಲ್ಲ.

ಕನ್ವರ್ಟರ್ ಒಳಗೆ ಮೂರು ಚಕ್ರಗಳಿವೆ. ಹೊರಗಿನ ಡಬ್ಬಿಯ ಜೊತೆ ಬೆಸೆದಿರುವ ಇಂಪೆಲ್ಲರ್ ಫ್ಲೆಕ್ಸ್‌ಪ್ಲೇಟ್ (ಎಂಜಿನ್ ಹಿಂದಿನ ತೆಳು ತಟ್ಟೆ) ಮೂಲಕ ಎಂಜಿನ್‌ಗೆ ಕಟ್ಟಿಕೊಂಡಿರುತ್ತದೆ. ಎಂಜಿನ್ ಎಷ್ಟು ಸುತ್ತಿದರೆ ಅದೂ ಅಷ್ಟೇ. ಅದು ಎಸೆದ ಎಣ್ಣೆ ಬಡಿಯುವುದು ಎದುರಿನ ಟರ್ಬೈನ್‌ಗೆ. ಟರ್ಬೈನ್ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೇಲೆ ಕೂತಿರುತ್ತದೆ. ನಡುವೆ ಸ್ಟೇಟರ್. ಈಗ ಗೇರ್ ಹಾಕಿ ಬ್ರೇಕ್ ಗಟ್ಟಿಯಾಗಿ ಒತ್ತಿ, ಆಕ್ಸಿಲರೇಟರ್ ಪೂರ್ತಿ ತುಳಿದರೆ ಟರ್ಬೈನ್ ಅಲುಗುವುದಿಲ್ಲ, ಇಂಪೆಲ್ಲರ್ ಎಣ್ಣೆಯಲ್ಲೇ ಗಿರಕಿ ಹೊಡೆಯುತ್ತದೆ. ಎಂಜಿನ್ ಏರುತ್ತ ಹೋಗಿ ಒಂದು ಕಡೆ ಕಟ್ಟಿಕೊಳ್ಳುತ್ತದೆ, ಮುಂದೆ ಏರುವುದಿಲ್ಲ. ಆ ಆರ್‌ಪಿಎಂಗೆ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕಕ್ಕೆ) ಸ್ಟಾಲ್ ಸ್ಪೀಡ್ ಎಂದು ಹೆಸರು. ನಿಂತದ್ದು ಟರ್ಬೈನ್. ಎಂಜಿನ್ ಪೂರಾ ಗದ್ದಲದಲ್ಲಿದೆ.

ನಮ್ಮ ಕಡೆ ಮಾತಿನಲ್ಲಿ ‘ಗಾಡಿ ಸ್ಟಾಲ್ ಆತು’ ಅಂದರೆ ಎಂಜಿನ್ ಬಂದ್ ಬಿತ್ತು ಅಂತ. ಕ್ಲಚ್ ಗಾಡಿಯ ಅಭ್ಯಾಸ ಅದು. ಕನ್ವರ್ಟರ್‌ನ ಸ್ಟಾಲ್ ಇದಕ್ಕೆ ತಲೆಕೆಳಗು. ಹಾಗಾಗಿ ನನ್ನ ಸಲಹೆ: ಎಂಜಿನ್ ಆರಿದ್ದಕ್ಕೆ ಪುಸ್ತಕದುದ್ದಕ್ಕೂ ‘ಬಂದ್ ಬೀಳು’ ಅಂತಲೇ ಬರೆಯಿರಿ, ‘ಸ್ಟಾಲ್’ ಎಂಬುದನ್ನು ಈ ಅಳತೆಗೆ ಮಾತ್ರ ಮೀಸಲಿಡಿ. ಸಂಡೂರು, ದೋಣಿಮಲೈ ಗಣಿಗಳ ವರ್ಕ್‌ಶಾಪ್‌ಗಳಲ್ಲಿ ವೀಲ್ ಲೋಡರ್, ಡಂಪರ್ ನೋಡುವವರಿಗೆ ‘ಸ್ಟಾಲ್ ಟೆಸ್ಟ್’ ದಿನಬಳಕೆಯ ಮಾತು. ಅವರಿಗೆ ಹೊಸ ಪದ ಕಟ್ಟಿಕೊಡುವುದು ಮೀನಿಗೆ ಈಜು ಕಲಿಸಿದಂತೆ.

‘ಪರಿವರ್ತಕ’ವನ್ನು ಮಾತ್ರ ದಯವಿಟ್ಟು ತೆಗೆಯಿರಿ. ಪತ್ರಿಕೆ ಓದುವವರಿಗೆ ಪರಿವರ್ತಕ ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್. ಹೋಗಲಿ, ಚಿಕ್ಕದು ಮಾಡಿ ‘ಟಿಸಿ’ ಅಂತ ಬರೆಯೋಣ ಅಂದರೆ ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರನ್ನು ಕರೆಯುವುದೂ ‘ಟಿಸಿ’ ಅಂತಲೇ. ‘ಟಿಸಿ ಸುಟ್ಟೈತಿ’ ಅಂತ ಅಚ್ಚು ಹಾಕಿದರೆ ಓದಿದವನು ಪಂಪ್‌ಸೆಟ್ ಬಂದ್ ಮಾಡಲು ಓಡುತ್ತಾನೆ. ಕನ್ವರ್ಟರ್ ಎಂದೇ ಇರಲಿ.

ಇನ್ನು ‘3000 ಸ್ಟಾಲ್’. ಇದು ಕನ್ವರ್ಟರ್ ಮೇಲೆ ಕೆತ್ತಿದ ಗುಣ ಅಲ್ಲ. ಕನ್ವರ್ಟರ್ ಮತ್ತು ಎಂಜಿನ್ ಕೂಡಿ ಕೊಡುವ ಸಂಖ್ಯೆ. ಲೆಕ್ಕ ಹೀಗಿದೆ: ಸ್ಟಾಲ್ ಆರ್‌ಪಿಎಂ ಅನ್ನು ಆ ಆರ್‌ಪಿಎಂನಲ್ಲಿ ಎಂಜಿನ್ ಕೊಡುವ ಟಾರ್ಕಿನ ವರ್ಗಮೂಲದಿಂದ ಭಾಗಿಸಿದರೆ ಬರುವುದು ಕೆ ಫ್ಯಾಕ್ಟರ್. ಆ ಕನ್ವರ್ಟರ್‌ಗೆ ಸ್ಥಿರವಾಗಿರುವುದು ಇದು. 400 ನ್ಯೂಟನ್ ಮೀಟರ್ ಎಂಜಿನ್ ಮುಂದೆ 2500ಕ್ಕೆ ಕಟ್ಟಿಕೊಳ್ಳುವ ಕನ್ವರ್ಟರಿನ ಕೆ 125. ಅದೇ ಡಬ್ಬಿಯನ್ನು 576 ನ್ಯೂಟನ್ ಮೀಟರ್ ಎಂಜಿನ್‌ಗೆ ಹಾಕಿ, 3000ಕ್ಕೆ ಹೋಗುತ್ತದೆ. ಆದ್ದರಿಂದ ‘3000 ಸ್ಟಾಲ್ ಕನ್ವರ್ಟರ್’ ಎಂಬ ಮಾತು ಎಂಜಿನ್ ಯಾವುದು ಎಂದು ಹೇಳದಿದ್ದರೆ ಅರ್ಧ ಮಾತು.

ಗಾಡಿ 3000ದವರೆಗೆ ಅಲುಗುವುದಿಲ್ಲ ಎಂಬುದಂತೂ ಸುಳ್ಳು. ಬ್ರೇಕ್ ಬಿಟ್ಟು ಮೆಲ್ಲಗೆ ತುಳಿದರೆ ಅದಕ್ಕಿಂತ ಬಹಳ ಕೆಳಗೇ ಹೊರಡುತ್ತದೆ, ಸ್ವಲ್ಪ ಸೋಮಾರಿಯಾಗಿ ಅಷ್ಟೆ. ಡ್ರ್ಯಾಗ್ ಕಾರಿನವರಿಗೆ ಬೇಕಾದದ್ದು ಬೇರೆ. ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ಉಬ್ಬು) ಹಾಕಿದ ಎಂಜಿನ್‌ಗೆ ಕೆಳಗಿನ ಆರ್‌ಪಿಎಂನಲ್ಲಿ ದಮ್ಮಿರುವುದಿಲ್ಲ. ಕಂಪನಿಯಿಂದಲೇ ಬಂದ ಸ್ಟಾಕ್ ಕನ್ವರ್ಟರ್ ಅದನ್ನು ಸುಮಾರು 2000ದ ಆಸುಪಾಸಿನಲ್ಲೇ ಕಟ್ಟಿಹಾಕುತ್ತದೆ. ಹೈ ಸ್ಟಾಲ್ ಕನ್ವರ್ಟರ್ ಎಂಜಿನ್ನನ್ನು ಟಾರ್ಕ್ ಬರುವ ಜಾಗದ ಹತ್ತಿರ ಏರಲು ಬಿಟ್ಟು, ಅಲ್ಲಿಂದ ಗಾಡಿಯನ್ನು ಹೊರಡಿಸುತ್ತದೆ. 402 ಮೀಟರ್ ಓಟದಲ್ಲಿ ಮೊದಲ 18 ಮೀಟರಿನಲ್ಲೇ ಇದರ ಫಲ ಕಾಣುತ್ತದೆ. ಕನ್ವರ್ಟರಿನ ವ್ಯಾಸ ಇಳಿದಂತೆ ಸ್ಟಾಲ್ ಏರುತ್ತದೆ. ಮಾಮೂಲಿ ದೊಡ್ಡ ಕಾರಿನದು 11–12 ಇಂಚು, ರೇಸಿನವು 10, 9, 8 ಇಂಚು. ಇಂಪೆಲ್ಲರ್ ರೆಕ್ಕೆಯ ಓರೆ, ಸ್ಟೇಟರ್ ರೆಕ್ಕೆಗಳ ಆಕಾರ ಬದಲಿಸಿಯೂ ಸ್ಟಾಲ್ ಹೊಂದಿಸುತ್ತಾರೆ.

‘ಸ್ಥಿರಕ’ ಕೂಡ ಅರ್ಧ ಸತ್ಯವೇ. ಮೋಟಾರ್ ವೈಂಡಿಂಗ್ ಮಾಡುವವರ ಸ್ಟೇಟರ್ ಎಂದೂ ತಿರುಗದು. ಕನ್ವರ್ಟರಿನದು ಹಾಗಲ್ಲ. ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಮೇಲೆ ಅದು ಕೂತಿದೆ. ಹೊರಡುವಾಗ ಅಲುಗದೆ ನಿಂತು, ಟರ್ಬೈನಿನಿಂದ ತಿರುಗಿ ಬಂದ ಎಣ್ಣೆಯನ್ನು ಇಂಪೆಲ್ಲರ್ ಸುತ್ತುವ ದಿಕ್ಕಿಗೇ ಬಾಗಿಸುತ್ತದೆ. ಸ್ಟಾಲ್‌ನಲ್ಲಿ ಟಾರ್ಕ್ ಸುಮಾರು ಎರಡು ಪಟ್ಟಾಗುವುದು ಇದರಿಂದ. ಟರ್ಬೈನ್ ವೇಗ ಇಂಪೆಲ್ಲರಿನ ವೇಗದ 85–90 ಶೇಕಡಕ್ಕೆ ಬಂದಾಗ ಎಣ್ಣೆ ರೆಕ್ಕೆಯ ಬೆನ್ನಿಗೆ ಬಡಿಯುತ್ತದೆ, ಸ್ಟೇಟರ್ ತಾನೂ ತಿರುಗಿಬಿಡುತ್ತದೆ. ಈ ಎರಡು ಬುದ್ಧಿ ಗೊತ್ತಿದ್ದರೆ ರೋಗ ಹಿಡಿಯುವುದು ಸುಲಭ. ಆ ಕ್ಲಚ್ ಹಿಡಿಯದೆ ಜಾರಿದರೆ ಸ್ಟಾಲ್ ಆರ್‌ಪಿಎಂ ಬಹಳ ಕೆಳಗಿಳಿಯುತ್ತದೆ, ಗಾಡಿ ಹೊರಡುವಾಗ ಎಳೆಯುವುದಿಲ್ಲ, ಓಟದಲ್ಲಿ ಸರಿ ಇರುತ್ತದೆ. ಜಾಮ್ ಆದರೆ ಹೊರಡುವುದು ಚೆನ್ನ, ಮೇಲಿನ ವೇಗದಲ್ಲಿ ಉಸಿರುಗಟ್ಟಿ ಎಣ್ಣೆ ಕಾಯುತ್ತದೆ. ಸ್ಟಾಲ್ ಹೇಳಿದ್ದಕ್ಕಿಂತ ಮೇಲೆ ಬಂದರೆ ಕನ್ವರ್ಟರನ್ನು ಬೈಯುವ ಮೊದಲು ಎಣ್ಣೆಯ ಮಟ್ಟ, ಗೇರ್‌ಬಾಕ್ಸಿನ ಕ್ಲಚ್ ಪ್ಯಾಕ್ ನೋಡಬೇಕು. ಕೆಳಗೆ ಬಂದರೆ ಎಂಜಿನ್ನಿಗೇ ಶಕ್ತಿ ಇಲ್ಲದೆಯೂ ಇರಬಹುದು.

ಸ್ಟಾಲ್ ಟೆಸ್ಟ್ ಬಗ್ಗೆ ಕರಡಿನಲ್ಲಿ ‘ಸ್ವಲ್ಪ ಹೊತ್ತು’ ಅಂತಿದ್ದರೆ ತಿದ್ದಿ. 5 ಸೆಕೆಂಡ್, ಅಷ್ಟೇ. ಎಣ್ಣೆ ಬಿಸಿಯಾಗಿರಬೇಕು, ಗಾಲಿಗೆ ಅಡ್ಡಗಟ್ಟಿರಬೇಕು, ಮುಂದೆ ಯಾರೂ ನಿಂತಿರಬಾರದು. ಮುಗಿದ ಕೂಡಲೇ ನ್ಯೂಟ್ರಲ್‌ಗೆ ತಂದು ಒಂದೆರಡು ನಿಮಿಷ ಓಡಲು ಬಿಡಬೇಕು. ಯಾಕೆಂದರೆ ಟರ್ಬೈನ್ ನಿಂತಿರುವಾಗ ಎಂಜಿನ್ ಕೊಟ್ಟದ್ದೆಲ್ಲ ಎಣ್ಣೆಗೆ ಶಾಖವಾಗಿ ಹೋಗುತ್ತದೆ. ಮೇಲಿನ 400 ನ್ಯೂಟನ್ ಮೀಟರ್, 2500 ಆರ್‌ಪಿಎಂ ಲೆಕ್ಕದಲ್ಲಿ ಅದು ಸುಮಾರು 105 ಕಿಲೋವ್ಯಾಟ್. 10 ಎಚ್‌ಪಿಯ ಹದಿನಾಲ್ಕು ಪಂಪ್‌ಸೆಟ್‌ಗಳ ಶಕ್ತಿ ಒಂದು ಡಬ್ಬಿ ಎಣ್ಣೆಯನ್ನು ಕಾಯಿಸುತ್ತಿದೆ ಅಂದುಕೊಳ್ಳಿ.

‘ಲೂಸ್’ ಅನ್ನು ‘ಸಡಿಲ’ ಮಾಡಿದರೆ ಹುಡುಗ ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಗಿಯಲು ಹೋಗುತ್ತಾನೆ. ಅದು ಹೆಚ್ಚು ಸ್ಲಿಪ್ ಬಿಡುವ ಕನ್ವರ್ಟರ್. ಸ್ಲಿಪ್ಪಿಗೆ ‘ಜಾರು’ ಧಾರಾಳವಾಗಿ ಬಳಸಬಹುದು, ‘ಜಾರು ಹೆಚ್ಚು, ಜಾರು ಕಮ್ಮಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಒಂದು ಲೆಕ್ಕವನ್ನೂ ಕೊಡಿ. ಗುರಿ ಮುಟ್ಟುವಾಗ 180 ಕಿ.ಮೀ. ವೇಗ, ಹಿಂದಿನ ಟೈರಿನ ವ್ಯಾಸ 70 ಸೆಂ.ಮೀ., ಆಕ್ಸಲ್ ಗೇರಿನ ಅನುಪಾತ 4.10, ಟಾಪ್ ಗೇರ್ ನೇರ. ಜಾರೇ ಇಲ್ಲದಿದ್ದರೆ ಎಂಜಿನ್ ಸುಮಾರು 5,590 ಸುತ್ತಬೇಕು. ಮೀಟರ್ 6,000 ತೋರಿಸಿದರೆ ಜಾರು 7 ಶೇಕಡಕ್ಕೆ ಹತ್ತಿರ, ಪರವಾಗಿಲ್ಲ. 10 ದಾಟಿದರೆ ಆ ಗಾಡಿಗೆ ಕನ್ವರ್ಟರ್ ಹೆಚ್ಚು ಲೂಸ್ ಆಯಿತು.

ಮರುಮಾತು, ರಾಯಚೂರಿನಿಂದ:

‘ಎಳೆತದ ಓಟ’ವನ್ನು ರಾಯಚೂರಿನಲ್ಲಿ ಮಾರಬೇಡಿ! ಕಾರಹುಣ್ಣಿಮೆ ಹೊತ್ತಿಗೆ ಇಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದೆ. ಜನ ಅದನ್ನೇ ಅಂದುಕೊಳ್ಳುತ್ತಾರೆ. ‘ರೇಸ್’ ಪದಕ್ಕೂ ಇಲ್ಲಿ ಇನ್ನೊಂದು ಜೀವ ಇದೆ. ‘ರೇಸ್ ಕೊಡು’ ಅಂದರೆ ಆಕ್ಸಿಲರೇಟರ್ ಒತ್ತು ಅಂತ, ಪಂದ್ಯಕ್ಕೆ ಹೋಗು ಅಂತಲ್ಲ. ‘ರೇಸ್ ಕೊಟ್ರ ಬರೇ ಸೌಂಡ್ ಬರ್ತದ, ಗಾಡಿ ಎಳಿವಲ್ದು’ ಎಂಬುದು ಜಾರಿನ ಪಕ್ಕಾ ವರ್ಣನೆ. ಈ ಬಳಕೆಯನ್ನು ಉಳಿಸಿಕೊಂಡು, ಓಟಕ್ಕೆ ‘ಡ್ರ್ಯಾಗ್ ರೇಸ್’ ಎಂದು ಎರಡೂ ಪದ ಕೂಡಿಸಿಯೇ ಬರೆಯುವುದು ವಾಸಿ.

ಸ್ಟಾಲ್‌ಗೆ ಕನ್ನಡ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಕಂಪ್ಲಿ, ಗಂಗಾವತಿ ಕಡೆ ತುಂಗಭದ್ರೆಗೆ ವಿಜಯನಗರ ಕಾಲದ ಅಣೆಗಳಿವೆ. ಅಣೆಯ ಎತ್ತರ ಒಂದೇ, ಆದರೆ ಹೊಳೆ ಹೆಚ್ಚು ಬಂದಷ್ಟೂ ನೀರು ಅದರ ಮೇಲೆ ಎತ್ತರಕ್ಕೆ ನಿಂತು ಹರಿಯುತ್ತದೆ. ಎಂಜಿನ್ ಟಾರ್ಕ್ ಏರಿದರೆ ಅದೇ ಕನ್ವರ್ಟರಿನಲ್ಲಿ ಸ್ಟಾಲ್ ಏರುವುದು ಇದೇ ರೀತಿ. ‘ಅಣೆಸುತ್ತು’ ಅನ್ನಬಹುದು. ಪಾಠ ಹೇಳುವಾಗ ಹೋಲಿಕೆಯಾಗಿ ಚೆನ್ನ. ಬಿಡಿಭಾಗದ ಪಟ್ಟಿಯಲ್ಲಿ ಹಾಕಿದರೆ ಅಂಗಡಿಯವನು ಮುಖ ನೋಡುತ್ತಾನೆ.

ಮತ್ತೆ ಪ್ರಶ್ನೆ, ಬಳ್ಳಾರಿಯಿಂದ:

ವಾಕ್ಯವನ್ನು ಹೀಗೆ ತಿದ್ದಿದೆ: “ಈ ಎಂಜಿನ್‌ಗೆ ಈ ಕನ್ವರ್ಟರ್ ಹಾಕಿದರೆ ಸ್ಟಾಲ್ 3000, ಅಂದರೆ ಬ್ರೇಕ್ ಹಿಡಿದು ಪೂರ್ತಿ ರೇಸ್ ಕೊಟ್ಟರೆ ಎಂಜಿನ್ 3000 ಆರ್‌ಪಿಎಂವರೆಗೆ ಏರಿ ಅಲ್ಲಿ ಕಟ್ಟಿಕೊಳ್ಳುತ್ತದೆ.” ಸರಿಯೇ? ಜೋಡಿಸುವ ಭಾಗದಲ್ಲಿ ‘ಕ್ಲಿಯರೆನ್ಸ್’ಗೆ, ಅಂದರೆ ಎರಡು ಭಾಗಗಳ ನಡುವಿನ ಸಂದಿಗೆ, ‘ತೆರವು’ ಎಂದಿದೆ. ಅದೂ ನಾಲಿಗೆಗೆ ಹತ್ತುತ್ತಿಲ್ಲ.

ಉತ್ತರ, ತೋರಣಗಲ್ಲು ಕಡೆಯಿಂದ:

ವಾಕ್ಯ ಸರಿ. ರೇಸ್ ಕಾರುಗಳಲ್ಲಿ ಬ್ರೇಕ್ ಹಿಡಿದಾಗ ಹಿಂದಿನ ಗಾಲಿ ಬ್ರೇಕನ್ನೇ ಮೀರಿ ತಿರುಗಿಬಿಡುವುದುಂಟು, ಪೂರಾ ಸ್ಟಾಲ್ ಕಾಣುವುದೇ ಇಲ್ಲ. ಆಗ ಗೇರ್‌ಬಾಕ್ಸನ್ನೇ ಒಳಗಿನಿಂದ ಬಿಗಿಯುವ ಟ್ರಾನ್ಸ್‌ಬ್ರೇಕ್ ಬೇಕು. ಇಷ್ಟನ್ನು ಅಲ್ಲೇ ಸೇರಿಸಿ.

‘ತೆರವು’ ಅಂದರೆ ಒತ್ತುವರಿ ತೆರವು ನೆನಪಾಗುತ್ತದೆ. ಮೇಸ್ತ್ರಿಗಳ ಮಾತು ‘ಆಟ’. ಕನ್ವರ್ಟರ್ ಕೂರಿಸುವಾಗ ಒಳಗೆ ಒಂದು ಲೀಟರಿನಷ್ಟು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಸುರಿದು, ಮೆಲ್ಲಗೆ ತಿರುಗಿಸುತ್ತ ಒಳಗೆ ತಳ್ಳಬೇಕು. ಸ್ಟೇಟರಿನ ಸ್ಪ್ಲೈನ್ (ಒಂದರೊಳಗೊಂದು ಕೂರುವ ಉದ್ದ ಹಲ್ಲುಗಳು), ಇನ್‌ಪುಟ್ ಶಾಫ್ಟಿನ ಸ್ಪ್ಲೈನ್, ಪಂಪಿನ ಹಲ್ಲು, ಹೀಗೆ ಮೂರು ಹಂತದಲ್ಲಿ ‘ಟಕ್’ ಅಂತ ಒಳಗಿಳಿಯುತ್ತದೆ. ಎರಡೇ ಇಳಿದು ಮೂರನೆಯದು ಇಳಿಯದಿದ್ದರೂ ಮೇಲುನೋಟಕ್ಕೆ ಕೂತ ಹಾಗೆ ಕಾಣುತ್ತದೆ, ಮೋಸ ಹೋಗುವುದು ಇಲ್ಲಿಯೇ. ಬೆಲ್‌ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚ) ಎಂಜಿನ್ನಿಗೆ ಕೈಯಿಂದಲೇ ಮುಖಕ್ಕೆ ಮುಖ ಕೂಡಬೇಕು. ಬೋಲ್ಟ್ ಬಿಗಿದು ಎಳೆದು ಕೂಡಿಸಿದರೆ ಪಂಪು ಒಡೆಯುತ್ತದೆ. ಕೂಡಿದ ಮೇಲೆ ಕನ್ವರ್ಟರ್ ಕೈಯಲ್ಲಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಆಟ ಇರಬೇಕು: ಇಂಚಿನ ಹದಿನಾರರಲ್ಲಿ ಒಂದರಿಂದ ಮೂರು ಭಾಗ, ಅಂದರೆ 1.6ರಿಂದ 4.8 ಮಿ.ಮೀ. ಬಡಗಿಗಳ ಒಂದು ನೂಲು ಇಂಚಿನ ಎಂಟನೇ ಒಂದು ಪಾಲು. ಹುಡುಗರಿಗೆ ‘ಅರ್ಧ ನೂಲಿನಿಂದ ಒಂದೂವರೆ ನೂಲು ಆಟ’ ಎಂದು ಬರೆದುಕೊಡಿ, ಪಕ್ಕದಲ್ಲಿ ಮಿ.ಮೀ. ಹಾಕಿ. ಆಟ ಹೆಚ್ಚಿದ್ದರೆ ನಡುವೆ ವಾಷರ್ ಕೊಡಬಹುದು. ಇಲ್ಲವೇ ಇಲ್ಲ ಅಂದರೆ ಮೂರನೆಯ ‘ಟಕ್’ ಕೇಳಿಲ್ಲ ಅಂತಲೇ ತಿಳಿದು, ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು.