ರೇಡಾರ್ ಇತ್ತಲ್ಲ, ಮತ್ತೆ ಆ ದೊಡ್ಡ ಮೇಜು ಯಾಕೆ?

ಪ್ರಶ್ನೆ:
1940ರ ಬ್ರಿಟನ್ ವಾಯುಕದನದ (ಜರ್ಮನ್ ವಾಯುದಾಳಿಯನ್ನು ಬ್ರಿಟನ್ ಎದುರಿಸಿದ ಕದನ) ಫೋಟೊಗಳಲ್ಲಿ ಮೇಜಿನ ಮೇಲೆ ದೊಡ್ಡ ನಕ್ಷೆ, ಸುತ್ತ ಉದ್ದ ಕೋಲು ಹಿಡಿದ ಹುಡುಗಿಯರು ಕಾಣುತ್ತಾರೆ. ರೇಡಾರ್ ನೋಡುವವರೇ ನೇರವಾಗಿ ಪೈಲಟ್‌ಗೆ ಹೇಳಬಹುದಿತ್ತು ಅಲ್ವಾ? ನಡುವೆ ಇಷ್ಟೊಂದು ಜನ, ಫೋನು ಯಾಕೆ?

ಉತ್ತರ 1:
ಆಗಿನ ರೇಡಾರ್ ಪರದೆಯಲ್ಲಿ ಈಗಿನ ಹಾಗೆ ನಕ್ಷೆ ಬರುತ್ತಿರಲಿಲ್ಲ. ಒಂದು ಅಡ್ಡ ಗೆರೆ, ವಿಮಾನ ಇದ್ದ ಕಡೆ ಗೆರೆಯಲ್ಲಿ ಒಂದು ತಗ್ಗು, ಅಷ್ಟೇ. ದೂರ ಚೆನ್ನಾಗಿ ಗೊತ್ತಾಗುತ್ತಿತ್ತು, ದಿಕ್ಕು ಅಷ್ಟು ಸರಿಯಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಒಂದೇ ಗುಂಪನ್ನು ಮೂರು ಸ್ಟೇಷನ್ ನೋಡಿದರೆ ಮೂರು ಬೇರೆ ಬೇರೆ ಜಾಗ ಹೇಳುತ್ತಿದ್ದವು, ಅದನ್ನು ಹಾಗೇ ಪೈಲಟ್‌ಗೆ ಕೊಟ್ಟರೆ ಒಂದು ದಾಳಿಗೆ ಮೂರು ಕಡೆ ವಿಮಾನ ಏರಿಸಬೇಕಾಗುತ್ತಿತ್ತು. ಬ್ರಿಟನ್ನಿನ ಫೈಟರ್ ವಿಮಾನಪಡೆಯ ಮುಖ್ಯ ಕಚೇರಿ ಬೆಂಟ್ಲಿ ಪ್ರಯರಿಯಲ್ಲಿದ್ದ ಫಿಲ್ಟರ್ ರೂಮ್ ಇದ್ದದ್ದೇ ಇದನ್ನು ಬಗೆಹರಿಸಲಿಕ್ಕೆ. ಅಲ್ಲಿ ಒಂದೇ ಜಾಡು ಮಾಡಿ ಗ್ರೂಪ್‌ಗಳಿಗೆ (ದೇಶದ ಒಂದೊಂದು ದೊಡ್ಡ ಭಾಗ ಕಾಯುವ ಪಡೆ), ಅವುಗಳ ಕೆಳಗಿನ ಸೆಕ್ಟರ್‌ಗಳಿಗೆ ಫೋನಿನಲ್ಲಿ ಹೇಳುತ್ತಿದ್ದರು. ಅದನ್ನು ಅಲ್ಲಿನವರು ಮೇಜಿನ ನಕ್ಷೆಯ ಮೇಲೆ ತೋರಿಸುತ್ತಿದ್ದರು. ಯಾವ ಸ್ಕ್ವಾಡ್ರನ್ (ವಿಮಾನಗಳ ತುಕಡಿ) ಏರಬೇಕು ಅನ್ನುವುದು ಗ್ರೂಪ್‌ನ ತೀರ್ಮಾನ, ಪೈಲಟ್ ಜೊತೆ ರೇಡಿಯೊದಲ್ಲಿ ಮಾತಾಡುವವನು ಸೆಕ್ಟರ್ ಕಂಟ್ರೋಲರ್.

ಇನ್ನೊಂದು ಮಾತು. ಆ ರೇಡಾರ್‌ಗಳ ಮುಖ ಸಮುದ್ರದ ಕಡೆಗೆ. ಶತ್ರು ಕರಾವಳಿ ದಾಟಿದ ಮೇಲೆ ನೆಲದಿಂದ ಆಕಾಶ ಕಾಯುತ್ತಿದ್ದ ಅಬ್ಸರ್ವರ್ ಕೋರ್‌ನವರ ಕಣ್ಣು, ಕಿವಿಯೇ ಗತಿ. ರೇಡಾರೇ ಗೆಲ್ಲಿಸಿತು ಅಂತ ಸುಮ್ನೆ ಹೇಳಿಬಿಡುತ್ತಾರೆ, ಈ ಜನರನ್ನು ಮರೆತು. ನನಗೆ ಅದು ಅನ್ಯಾಯ ಅನಿಸುತ್ತದೆ.

ಉತ್ತರ 2:
ಆ ಮೇಜಿನ ಹತ್ತಿರದ ಗೋಡೆ ಗಡಿಯಾರವನ್ನು ಗಮನಿಸಿ. ಐದೈದು ನಿಮಿಷಕ್ಕೆ ಕೆಂಪು, ಹಳದಿ, ನೀಲಿ ಅಂತ ಬಣ್ಣ ಬಳಿದಿದೆ. ನಿಮಿಷದ ಮುಳ್ಳು ಯಾವ ಬಣ್ಣದ ಮೇಲಿದೆಯೋ ಅದೇ ಬಣ್ಣದ ಬಾಣವನ್ನು ನಕ್ಷೆಯ ಮೇಲೆ ಇಡುತ್ತಿದ್ದರು. ಮೇಲಿನ ಬಾಲ್ಕನಿಯಲ್ಲಿ ಕೂತ ಕಂಟ್ರೋಲರ್‌ಗೆ ಯಾರನ್ನೂ ಕೇಳದೆ, ಯಾವ ಸುದ್ದಿ ಹೊಸದು, ಯಾವುದು ಹಳೆಯದು ಅಂತ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಹತ್ತು ನಿಮಿಷ ಹಳೆಯ ಬಾಣ ನಂಬಿದರೆ ಖಾಲಿ ಆಕಾಶಕ್ಕೆ ವಿಮಾನ ಕಳಿಸಿದ ಹಾಗೆ.

ಈ ವ್ಯವಸ್ಥೆ ಮೊದಲ ದಿನದಿಂದಲೇ ಸರಿ ಇರಲಿಲ್ಲ. 1939ರ ಸೆಪ್ಟೆಂಬರ್ 6ರಂದು ಸುಳ್ಳು ಎಚ್ಚರಿಕೆಗೆ ಏರಿದ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳು ತಮ್ಮದೇ ಪಡೆಯ ಎರಡು ಹರಿಕೇನ್ ವಿಮಾನಗಳನ್ನು ಹೊಡೆದುರುಳಿಸಿದವು. ಒಬ್ಬ ಪೈಲಟ್ ಸತ್ತ. ಆಮೇಲೆ ನಮ್ಮವರು ಯಾರು ಅಂತ ಗುರುತಿಸುವ ಉಪಕರಣ ಅಳವಡಿಸಲು ಅವಸರ ಜಾಸ್ತಿಯಾಯಿತು.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು. ಆದರೆ ಆ ರೂಮಿಗೇ ಬಾಂಬ್ ಬಿದ್ದರೆ?

ಉತ್ತರ 1:
ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡ್ ಕಾಯುತ್ತಿದ್ದ 11ನೇ ಗ್ರೂಪ್‌ನ ರೂಮು ಅಕ್ಸ್‌ಬ್ರಿಜ್‌ನಲ್ಲಿ ನೆಲದಡಿ ಇತ್ತು, ಅದಕ್ಕೆ ಭಯವಿರಲಿಲ್ಲ. ಕೆನ್ಲಿಯಂಥ ಸೆಕ್ಟರ್‌ಗಳದು ನೆಲದ ಮೇಲೇ ಇತ್ತು. 1940ರ ಆಗಸ್ಟ್ 18ರಂದು ಕೆನ್ಲಿ ಮೇಲೆ ದಾಳಿಯಾಗಿ ಸಂಪರ್ಕ ಕಡಿದಾಗ, ಪಕ್ಕದ ಊರಿನಲ್ಲಿ ಮೊದಲೇ ಗೊತ್ತುಮಾಡಿಟ್ಟಿದ್ದ ಮಾಂಸದ ಅಂಗಡಿಯೊಂದಕ್ಕೆ ಹೋಗಿ ಅಲ್ಲಿಂದಲೇ ಕೆಲಸ ಮುಂದುವರಿಸಿದರು.