ಹರಕೆ ಅತ್ತೆಯದು, ಕೈ ನನ್ನದು: ದೀಡ ನಮಸ್ಕಾರ ಹಾಕಬಹುದೇ?

ಕೊಪ್ಪಳದ ಹೊಲಿಗೆಯವಳು:
ನನಗೆ 54. ಕ್ಯಾನ್ಸರ್ ಎಂದು ಎಡ ಸ್ತನ ತೆಗೆಸಿ ಎರಡು ವರ್ಷವಾಯಿತು, ಕಂಕುಳಿನ ಗಂಟುಗಳನ್ನೂ (ದುಗ್ಧಗ್ರಂಥಿ) ತೆಗೆದಿದ್ದಾರೆ. ಕೀಮೋ, ಕರೆಂಟು (ರೇಡಿಯೇಷನ್) ಎಲ್ಲ ಮುಗಿದು ಈಗ ಬೇನೆ ಮರಳದಿರಲೆಂದು ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ. ಬೆಳಿಗ್ಗೆ ಬೆರಳು, ಮಂಡಿ ಬಿಗಿದುಕೊಂಡಿರುತ್ತವೆ. ಸಂಜೆಗೆ ಎಡಗೈ ಬಾತು ಬಳೆ ಒತ್ತುತ್ತದೆ.

ಆಪರೇಷನ್ ದಿನ ನಮ್ಮ ಅತ್ತೆ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರು: ಸೊಸೆ ಉಳಿದರೆ ಹೊಳೆಯಿಂದ ಗುಡಿಯವರೆಗೆ ದೀಡ ನಮಸ್ಕಾರ, ಅಂದರೆ ದಾರಿಯುದ್ದಕ್ಕೂ ನೆಲಕ್ಕೆ ಮೈಚಾಚಿ ಎದ್ದು ಮತ್ತೆ ಮೈಚಾಚುವ ನಮಸ್ಕಾರ, ಹಾಕಿಸುತ್ತೇನೆ ಎಂದು. ಹಾಕಬೇಕಾದವಳು ನಾನು! ಬರುವ ಹುಣ್ಣಿಮೆಗೆ ನಿಶ್ಚಯವೂ ಆಗಿದೆ. ‘ಹರಕೆ ಬಾಕಿ ಉಳಿದರೆ ಬೇನೆ ತಿರುಗಿ ಬರುತ್ತದೆ’ ಎಂದು ಪಕ್ಕದ ಮನೆಯವರು ಹೇಳಿದಂದಿನಿಂದ ನನಗೆ ನಿದ್ದೆಯಿಲ್ಲ.

ನಾನೇನು ದೇವರನ್ನು ನಂಬದವಳಲ್ಲ. ಕೀಮೋ ದಿನಗಳಲ್ಲಿ ಸಂಜೆ ಗವಿಮಠದಲ್ಲಿ ಅರ್ಧ ತಾಸು ಸುಮ್ಮನೆ ಕೂತರೆ ಹೊಟ್ಟೆಯ ಸಂಕಟವೂ ತಣ್ಣಗಾಗುತ್ತಿತ್ತು. ಈಗ ದೇವರೆಂದರೆ ಸಾಲ ವಸೂಲಿಗೆ ಬಂದವರನ್ನು ಕಂಡಂತೆ ಆಗುತ್ತದೆ. ವೈದ್ಯರನ್ನು ಕೇಳೋಣವೆಂದರೆ ‘ಭಾರ ಎತ್ತಬೇಡಿ’ ಎಂದು ಮುಂದಿನ ಚೀಟಿಯವರನ್ನು ಕರೆದುಬಿಟ್ಟರು.

ಬಳ್ಳಾರಿ ಫಿಸಿಯೋ:
ಅಕ್ಕ, ಈ ಸ್ಥಿತಿಯಲ್ಲಿ ಬೇಡ. ದೀಡ ನಮಸ್ಕಾರದಲ್ಲಿ ಏಳುವಾಗಲೆಲ್ಲ ಮೈಭಾರ ಅಂಗೈ ಮೇಲೆಯೇ ಬೀಳುತ್ತದೆ. ಕಂಕುಳಿನ ಗಂಟು ಹೋದ ಕೈಯಲ್ಲಿ ನೀರು ಹರಿಯುವ ದಾರಿ ಕಡಿಮೆ. ಕಲ್ಲು ತರಚಿ ಸೋಂಕು ಹತ್ತಿದರೆ ಬಾವು ಹೆಚ್ಚುತ್ತದೆ, ಮತ್ತೆ ಇಳಿಸುವುದು ಕಷ್ಟ. ಹಾಗೆಂದು ಆ ಕೈಯನ್ನು ಸುಮ್ಮನೆ ಇಟ್ಟುಕೊಂಡು ಕೂರುವುದೂ ತಪ್ಪು. ಕೊಡವನ್ನೇ ಮುಟ್ಟಬೇಡಿ ಎನ್ನುತ್ತಿದ್ದ ಕಾಲ ಹೋಯಿತು. ತಿಳಿದವರ ಕಣ್ಣೆದುರು ಅರ್ಧ ಕೆಜಿಯಿಂದ ಶುರುಮಾಡಿ ನಿಧಾನವಾಗಿ ಏರಿಸಬಹುದು. ಕೀಲು ಬಿಗಿಯುವುದು ಲೆಟ್ರೋಜೋಲ್‌ನ ಗುಣ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಬಹಳ ಜನರಿಗೆ ಸಡಿಲವಾಗುತ್ತದೆ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಎಲುಬಿನ ಸಾಂದ್ರತೆ ನೋಡಿಸಿದ್ದೀರಾ? ಎರಡೂ ಕೈಗಳನ್ನು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಟೇಪಿನಿಂದ ಅಳೆದು ಹೇಳಿ.

ರಾಯಚೂರಿನವಳು:
ನನಗೆ ಆರು ವರ್ಷವಾಯಿತು. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಮಂತ್ರಾಲಯಕ್ಕೆ ಹೋದಾಗಲೆಲ್ಲ ಅಳುತ್ತಿದ್ದೆ, ಬಂದ ಮೇಲೆ ಇನ್ನೂ ಸೋತಿರುತ್ತಿದ್ದೆ. ಆಪ್ತಸಲಹೆಗಾರರೊಬ್ಬರು ಹೇಳಿದ್ದು ಇದು: ಈ ವಿಷಯದ ಅಧ್ಯಯನಗಳು ಬದುಕಿಗೆ ಅರ್ಥವಿದೆ ಎನ್ನುವ ಭಾವ, ಮನಶ್ಶಾಂತಿ, ನಂಬಿಕೆ ಮೂರನ್ನೂ ಬೇರೆ ಬೇರೆಯಾಗಿ ಅಳೆಯುತ್ತವೆ. ನೆಮ್ಮದಿಯ ಜೊತೆ ಹೆಚ್ಚು ನಂಟು ಮೊದಲ ಎರಡಕ್ಕೆ. ದೇವರು ದಂಡಿಸುತ್ತಿದ್ದಾನೆ ಎಂದುಕೊಂಡವರಲ್ಲಿ ಸಂಕಟ ಹೆಚ್ಚು. ನಿಮಗೆ ಗವಿಮಠದಲ್ಲಿ ಸಿಕ್ಕಿದ್ದು ಶಾಂತಿ, ಪಕ್ಕದ ಮನೆಯವರು ಕೊಟ್ಟಿದ್ದು ಹೆದರಿಕೆ. ಇನ್ನೊಂದು ಮಾತು, ಚಿಂತೆ ಮಾಡಿದ್ದಕ್ಕೇ ಬೇನೆ ಮರಳುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಚಿಂತೆಯ ಬಗ್ಗೆಯೂ ಚಿಂತಿಸಬೇಡಿ. ಆದರೆ ನಿದ್ದೆಯಿಲ್ಲದ್ದನ್ನು ವೈದ್ಯರಿಗೆ ಹೇಳಲೇಬೇಕು.

ಗಂಗಾವತಿಯ ಅಜ್ಜ:
ತಂಗಿ, ನನ್ನ ಹೆಂಡತಿಯ ಹರಕೆಯನ್ನು ನಾನು ತೀರಿಸಿದ್ದೇನೆ. ತಾಯಿ ಬೇಡ ಎನ್ನಲಿಲ್ಲ. ನಿಮ್ಮ ಯಜಮಾನರ ಮಂಡಿ ಗಟ್ಟಿಯಿವೆಯೇ?

ಕೊಪ್ಪಳದ ಹೊಲಿಗೆಯವಳು:
ಇಲ್ಲಿ ಬರೆದದ್ದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ರಾತ್ರಿಯೆಲ್ಲ ಮಾತಾಡಲಿಲ್ಲ. ಬೆಳಿಗ್ಗೆ ತಾವೇ ಸೋಪು ಹಚ್ಚಿ ನನ್ನ ಎಡಗೈಯ ಬಳೆ ತೆಗೆದರು. ‘ನೀನು ನನ್ನ ಜೊತೆ ನಡೆದು ಬಾ, ಅವನು ಹಾಕಲಿ’ ಎಂದರು. ನಮ್ಮವರು ಒಪ್ಪಿದ್ದಾರೆ. ಅವರ ಹೊಟ್ಟೆ ನೋಡಿದರೆ ನಾಲ್ಕನೆಯ ನಮಸ್ಕಾರಕ್ಕೇ ಹುಲಿಗೆಮ್ಮ ಸಾಕು ಎನ್ನಬಹುದು.

ಟೇಪು ಯಾವಾಗಲೂ ನನ್ನ ಕೊರಳಲ್ಲೇ ಇರುತ್ತದೆ, ಎರಡು ಸಲ ಅಳೆದೆ. ಎಡಗೈ ಬಲಗೈಗಿಂತ ಒಂದು ಇಂಚು ಜಾಸ್ತಿ. ಈಗಲೇ ತೋರಿಸಬೇಕೇ?

ಬಳ್ಳಾರಿ ಫಿಸಿಯೋ:
ಹೌದು ಅಕ್ಕ. ಹುಣ್ಣಿಮೆಗೆ ಮುಂಚೆಯೇ.